ಶುವೈಖ್ ಡೈರಿ – 27: ಮಾವನ ನಾಲ್ಕಂಕಿ

ಹಿಂದಿನ ಕಂತು ಬರೆದು ಒಂದೂವರೆ ತಿಂಗಳಾಯ್ತು. "ಎಂತ ಮಾರಾಯ್ತಿ, ಡೈರಿ ನಿಂತೇ ಹೋಯ್ತಾ?" ಅಂತ ತೀರ್ಥಹಳ್ಳಿಯಿಂದ ಮೂರು ಜನ ಕೇಳಿದ್ದಾರೆ. ನಿಂತಿರಲಿಲ್ಲ. ಬರೆಯಲು ಕೂತರೆ ಇದೊಂದೇ ವಿಷಯ ಬರುತ್ತಿತ್ತು, ಇದನ್ನು ಬರೆಯಲು ಮನಸ್ಸು ಬರುತ್ತಿರಲಿಲ್ಲ.

ಫ್ಯಾಮಿಲಿ ಗ್ರೂಪಿನಲ್ಲಿರುವವರಿಗೆ ಅರ್ಧ ಕಥೆ ಗೊತ್ತು. ಉಳಿದರ್ಧವನ್ನು ಅತ್ತೆ ಹೇಳಿರುತ್ತಾರೆ, ಅವರ ರೀತಿಯಲ್ಲಿ. ಮೊನ್ನೆ ಮಾವನನ್ನೇ ಕೇಳಿದೆ, "ಬರೀಲಾ ಮಾವ?" ಅಂತ. "ಬರಿ, ಆದರೆ ನಡೆಗಳನ್ನ ತಪ್ಪು ಬರೀಬೇಡ" ಅಂದರು. ಅವರ ಚಿಂತೆ ಅಷ್ಟೇ. ಹಾಗಾಗಿ ಈ ಸಲ ನಡೆಗಳೂ ಇವೆ. ಚೆಸ್ ಗೊತ್ತಿಲ್ಲದವರು ಅಂಕಿಗಳನ್ನು ಹಾರಿಸಿ ಓದಿ, ಆದರೆ ಪೂರ್ತಿ ಹಾರಿಸಬೇಡಿ. ಕಥೆ ಇರುವುದೇ ಅಂಕಿಗಳಲ್ಲಿ.

ಮಾವ ಅಂದರೆ ಅಮ್ಮನ ಅಣ್ಣ, ನಮ್ಮೂರಿನ ಬ್ರಾಂಚ್ ಪೋಸ್ಟ್ ಮಾಸ್ಟರ್ ಆಗಿದ್ದವರು. ನಿಮ್ಮಲ್ಲಿ ಅರ್ಧ ಜನರ ಮನಿಯಾರ್ಡರಿಗೆ ಸೀಲು ಹೊಡೆದವರು. ಅವರಿಗೆ ಚೆಸ್ ಹುಚ್ಚು ಅಂತ ಎಲ್ಲರಿಗೂ ಗೊತ್ತು. ಆದರೆ ಅವರು ಎದುರು ಕೂತು ಆಡಿದ್ದಕ್ಕಿಂತ ಕಾರ್ಡಿನಲ್ಲಿ ಆಡಿದ್ದು ಹೆಚ್ಚು ಅಂತ ಎಷ್ಟು ಜನರಿಗೆ ಗೊತ್ತೋ ಇಲ್ಲ. ಪೋಸ್ಟ್ ಕಾರ್ಡಿಗೆ 15 ಪೈಸೆ ಇದ್ದ ಕಾಲದಲ್ಲಿ ಹಾಸನದ ಕಡೆಯ ಒಬ್ಬ ಮೇಷ್ಟ್ರ ಜೊತೆ ಆಡುತ್ತಿದ್ದರು. ಒಂದು ಕಾರ್ಡಿಗೆ ಒಂದು ನಡೆ. ಉತ್ತರ ಬರಲು ವಾರ, ಮಳೆಗಾಲದಲ್ಲಿ ಎರಡು ವಾರ. ಒಂದು ಆಟ ಮುಗಿಯುವಷ್ಟರಲ್ಲಿ ನಾನು ಐದನೇ ಕ್ಲಾಸಿನಿಂದ ಏಳನೇ ಕ್ಲಾಸಿಗೆ ಬಂದಿದ್ದೆ. ಕಾರ್ಡಿನ ಮೇಲೆ ಕ್ಷೇಮ ಸಮಾಚಾರ ಏನೂ ಇಲ್ಲ, ಬರೀ ನಾಲ್ಕು ಅಂಕಿ: 5254. ಹಂಚುವ ಪೋಸ್ಟ್‌ಮ್ಯಾನಿಗೆ ಇದು ಓಸಿ ನಂಬರ್ ಅಂತಲೇ ಅನುಮಾನ.

ಅದು ಅಂಚೆ ಚೆಸ್ಸಿನ ಲೆಕ್ಕ. ಬೋರ್ಡಿನ ಎಂಟು ಸಾಲುಗಳಿಗೆ ಬಿಳಿಯವನ ಎಡಗಡೆಯಿಂದ 1ರಿಂದ 8, ಅವನ ಕಡೆಯಿಂದ ಮೇಲಕ್ಕೆ ಮತ್ತೆ 1ರಿಂದ 8. ಮೊದಲ ಎರಡು ಅಂಕಿ ಕಾಯಿ ಇದ್ದ ಮನೆ, ಕೊನೆಯ ಎರಡು ಹೋದ ಮನೆ. 5254 ಅಂದರೆ ರಾಜನ ಮುಂದಿನ ಕಾಲಾಳು ಎರಡು ಮನೆ ಮುಂದಕ್ಕೆ. ಯಾವ ಭಾಷೆಯೂ ಬೇಡ. ರಷ್ಯಾದವನೂ ಬ್ರೆಜಿಲಿನವನೂ ಆಡಬಹುದು. 1951ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಅಂಚೆ ಚೆಸ್ ಒಕ್ಕೂಟದ ಪಂದ್ಯಗಳಲ್ಲಿ ಓಡಾಡಿದ್ದು ಇದೇ ಅಂಕಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೆನ್ಸಾರಿನವರು ಚೆಸ್ ಕಾರ್ಡುಗಳನ್ನು ಗುಪ್ತಲಿಪಿ ಅಂತ ಶಂಕಿಸಿ ತಡೆಹಿಡಿದದ್ದೂ ಉಂಟು. ನಮ್ಮ ಪೋಸ್ಟ್‌ಮ್ಯಾನಣ್ಣನದು ಹೊಸ ಅನುಮಾನ ಏನಲ್ಲ.

ನಾನು ಕುವೈತಿಗೆ ಬಂದ ಮೇಲೆ ಮಾವ ನನ್ನ ಜೊತೆ ಶುರು ಮಾಡಿದರು. ಕಾರ್ಡಿನ ಬದಲು ವಾಟ್ಸಾಪ್. ಆದರೆ ಮಿಕ್ಕಿದ್ದೆಲ್ಲ ಅಂಚೆ ಕಾನೂನು. ನಾಲ್ಕು ಅಂಕಿ ಮಾತ್ರ, ಮೂರು ದಿನ ಗಡುವು, ಹಾಕಿದ ನಡೆ ವಾಪಸ್ ಇಲ್ಲ. ಪುಸ್ತಕ ನೋಡಬಹುದು, ಕಂಪ್ಯೂಟರ್ ನೋಡಬಾರದು. ಪುಸ್ತಕ ನೋಡಬಹುದು ಅಂದರೆ ಮೋಸ ಅಲ್ಲವಾ ಅಂತ ಮೊದಲು ನನಗೂ ಅನ್ನಿಸಿತ್ತು. ಅಂಚೆ ಚೆಸ್ಸಿನಲ್ಲಿ ಅದು ಮೊದಲಿಂದಲೂ ಇರುವ ರೂಢಿ. ಅದಕ್ಕೇ ಓಪನಿಂಗ್ ಥಿಯರಿಗೆ ಅಂಚೆ ಆಟಗಾರರು ಕೊಟ್ಟದ್ದು ಬಹಳ. ಗಡಿಯಾರ ತಲೆಯ ಮೇಲೆ ಇಲ್ಲ. ಒಂದೇ ನಡೆಯನ್ನು ಮೂರು ದಿನ ತಿರುವಿ ಹಾಕಬಹುದು. 1824ರಿಂದ 1828ರವರೆಗೆ ಲಂಡನ್ ಮತ್ತು ಎಡಿನ್‌ಬರೋ ಕ್ಲಬ್ಬುಗಳು ಹೀಗೆ ಕಾಗದದಲ್ಲಿ ಆಡಿದ್ದರಿಂದಲೇ ಸ್ಕಾಚ್ ಓಪನಿಂಗಿಗೆ ಆ ಹೆಸರು ಬಂತು.

ಶುವೈಖಿನಲ್ಲಿ ನನ್ನ ಹಾಸ್ಟೆಲ್ ರೂಮು ನೋಡಿದವರಿಗೆ ಗೊತ್ತು, ಮಂಚ, ಬೀರು, ಒಂದು ಪುಟ್ಟ ಮೇಜು. ಆ ಮೇಜಿನ ಮೇಲೆ ಬೋರ್ಡು. ಒಂದು ಕಾಯಿ ಕದಲಿದರೆ ನಾನು ರೂಮ್‌ಮೇಟ್ ಜೊತೆ ಜಗಳ ಆಡುತ್ತೇನೆ. ಕೇರಳದವಳು, ಪಾಪ, ಧೂಳು ಒರೆಸುವಾಗ ಒಂದೊಂದೇ ಕಾಯಿ ಎತ್ತಿ ಅಲ್ಲೇ ಇಡುತ್ತಾಳೆ. ಇಲ್ಲಿ ಧೂಳಿಗೆ ಬರವಿಲ್ಲ. ಈ ಕಡೆ ಬಂದರು, ಆ ಕಡೆ ಗ್ಯಾರೇಜುಗಳ ಇಂಡಸ್ಟ್ರಿಯಲ್ ಏರಿಯಾ, ಗಾಳಿ ಬೀಸಿದರೆ ಮರಳು. ರಾತ್ರಿ ಹೊತ್ತು ಟೆರೇಸಿಗೆ ಹೋದರೆ ಕೊಲ್ಲಿಯ ಮೇಲೆ ಜಾಬರ್ ಸೇತುವೆಯ ದೀಪಗಳು ಕಾಣುತ್ತವೆ. ಕಿಲೋಮೀಟರುಗಟ್ಟಲೆ ಸಮುದ್ರದ ಮೇಲೇ ಹೋಗುತ್ತದೆ ಅದು. ಅದನ್ನು ನೋಡುತ್ತಾ ನಡೆ ಯೋಚಿಸುವುದು ನನ್ನ ಅಭ್ಯಾಸ.

ಈ ಆಟದಲ್ಲಿ ನಾನು ಬಿಳಿ, ಮಾವ ಕಪ್ಪು. ಮೊದಲ ನಡೆಗಳು: 5254 5755, ಆಮೇಲೆ ನಾನು 6264. ಇದು ಕಿಂಗ್ಸ್ ಗ್ಯಾಂಬಿಟ್. ಎರಡನೇ ನಡೆಗೇ ಒಂದು ಕಾಲಾಳನ್ನು ಪುಕ್ಕಟೆ ಮುಂದಿಡುವುದು. ಮಾವ ತಗೊಂಡೇ ತಗೊಳ್ಳುತ್ತಾರೆ ಅಂತ ನನಗೆ ಗೊತ್ತು. ಕೊಟ್ಟದ್ದನ್ನು ಬೇಡ ಅನ್ನುವುದು ಮರ್ಯಾದೆಯಲ್ಲ ಅಂತ ಅವರ ವಾದ. 5564. ನಾನು 7163, ಅವರು 7775. ನಾನು 6134, ಅವರು 7574, ಅಂದರೆ ನನ್ನ ಕುದುರೆಗೆ ಏಟು. ಬುದ್ಧಿ ಇರುವವರು ಕುದುರೆ ತೆಗೆಯುತ್ತಾರೆ. ನಾನು ತೆಗೆಯಲಿಲ್ಲ. 5171, ಕ್ಯಾಸ್ಲಿಂಗ್ ಮಾಡಿ ರಾಜನನ್ನು ಮೂಲೆಗೆ ಕಳಿಸಿ, ಕುದುರೆಯನ್ನು ಸಾಯಲು ಬಿಟ್ಟೆ. ಇದಕ್ಕೆ ಮುಜಿಯೋ ಗ್ಯಾಂಬಿಟ್ ಅಂತ ಹೆಸರು. ಮುಜಿಯೋ ಅನ್ನುವವನು ಇದನ್ನು ಆಡಿದವನಲ್ಲವಂತೆ, ಬೇರೆ ಯಾರೋ ಆಡಿದ್ದನ್ನು ನೋಡಿ ಹೇಳಿದವನಂತೆ. ನೋಡಿದವನ ಹೆಸರೇ ನಿಂತುಬಿಟ್ಟಿತು.

ಈ ಮುಜಿಯೋ ಮೇಲೆ ಮಾವನಿಗೆ ವಿಶೇಷ ಪ್ರೀತಿ, ಕಾರಣ ಅಂಚೆ. 1828–29ರಲ್ಲಿ ಮದ್ರಾಸಿಗೂ ಹೈದರಾಬಾದಿಗೂ ಕಾಗದದ ಮೂಲಕ ಎರಡು ಆಟ ನಡೆದಿತ್ತು. ರೈಲಿಲ್ಲ, ತಂತಿ ಇಲ್ಲ, ನಡೆಗಳನ್ನು ಹೊತ್ತು ಓಡಿದ್ದು ಅಂಚೆ ಓಟಗಾರರು. ಮದ್ರಾಸಿನ ಕಡೆ ಆಡಿದ ಗುಲಾಂ ಕಾಸಿಂ ಎಂಬಾತ ಜೇಮ್ಸ್ ಕಾಕ್ರೇನ್ ಎಂಬ ಇಂಗ್ಲಿಷ್ ಅಧಿಕಾರಿಯ ಜೊತೆ ಸೇರಿ 1829ರಲ್ಲಿ ಒಂದು ಪುಸ್ತಕ ತಂದ. ಆ ಆಟಗಳ ಜೊತೆಗೆ ಮುಜಿಯೋ ಗ್ಯಾಂಬಿಟ್ಟಿನ ವಿಶ್ಲೇಷಣೆ. ಕ್ಯಾಸ್ಲಿಂಗ್ ಬದಲು ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿದರೆ ಅದಕ್ಕೆ ಇವತ್ತಿಗೂ ಗುಲಾಂ ಕಾಸಿಂ ಗ್ಯಾಂಬಿಟ್ ಅಂತಲೇ ಹೆಸರು. "ನೋಡು, ಪುಸ್ತಕದಲ್ಲಿ ಹೆಸರು ನಿಂತದ್ದು ನಮ್ಮ ಕಡೆಯವನದು" ಅಂತ ಮಾವ ಎಷ್ಟು ಸಲ ಹೇಳಿದ್ದಾರೋ. ಮದ್ರಾಸು ನಮ್ಮ ಕಡೆ ಹೇಗಾಗುತ್ತೆ ಅಂತ ಕೇಳಿದರೆ, ಶುವೈಖಿನಿಂದ ನೋಡಿದರೆ ನಮ್ಮ ಕಡೆಯೇ ಅಂತಾರೆ.

ಮುಂದಿನ ನಡೆಗಳು ಬೇಗ ಬೇಗ ಬಂದವು, ಎಲ್ಲಾ ಪುಸ್ತಕದ ನಡೆ: 7463, 4163. 4866, 5455. 6655, 4243. 6886, 2133. 7857, 3142. 2836, 1151. 5565, 3345. ಮಧ್ಯದಲ್ಲಿ ಒಂಟೆಯನ್ನೂ ಬಲಿ ಕೊಡುವ ಡಬಲ್ ಮುಜಿಯೋ ಅಂತ ಒಂದು ದಾರಿ ಇದೆ, ಅಷ್ಟು ಧೈರ್ಯ ನನಗೆ ಇಲ್ಲ. ಒಂದು ಕುದುರೆ, ಎರಡು ಕಾಲಾಳು ಕೊಟ್ಟು ಒಂದು ಕಾಲಾಳು ವಾಪಸ್ ತಗೊಂಡಿದ್ದೆ. ಬದಲಿಗೆ ನನ್ನ ಎಲ್ಲಾ ಕಾಯಿಗಳೂ ಅಂಗಳಕ್ಕೆ ಇಳಿದಿದ್ದವು. ಅವರ ಎರಡೂ ಆನೆ, ಒಂದು ಒಂಟೆ ಇನ್ನೂ ಕೊಟ್ಟಿಗೆಯಲ್ಲಿ. ಅಟ್ಯಾಕ್ ಅಂದರೆ ಇಷ್ಟೇ, ಸಾಮಾನು ಕೊಟ್ಟು ಸಮಯ ಕೊಂಡುಕೊಳ್ಳುವುದು. ಕೊಂಡ ಸಮಯವನ್ನು ಬೇಗ ಖರ್ಚು ಮಾಡದಿದ್ದರೆ ಸಾಮಾನೂ ಹೋಯ್ತು, ಸಮಯವೂ ಹೋಯ್ತು.

ಅವರ 12ನೇ ನಡೆ 5848, ರಾಜ ಒಂದು ಮನೆ ಪಕ್ಕಕ್ಕೆ. ಜೊತೆಗೆ, ಅಂಕಿ ಬಿಟ್ಟು ಒಂದು ಮಾತನ್ನೂ ಬರೆದಿದ್ದರು: "ಬರ್ಲಿನರ್ ರಾಜನೂ ಇಲ್ಲೇ ಬಂದಿದ್ದ." ಹ್ಯಾನ್ಸ್ ಬರ್ಲಿನರ್ ಅಮೆರಿಕದವರು, ಐದನೇ ವಿಶ್ವ ಅಂಚೆ ಚಾಂಪಿಯನ್. ಆ ಪಂದ್ಯ ನಡೆದದ್ದು 1965ರಿಂದ 1968ರವರೆಗೆ. ಅದರಲ್ಲಿ ಸೋವಿಯತ್ತಿನ ಎಸ್ಟ್ರಿನ್ ಜೊತೆ ಆಡಿದ ಆಟವನ್ನು ಮಾವ ತಮ್ಮ ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನಲ್ಲಿ ಬರೆದಿಟ್ಟಿದ್ದಾರೆ. ಎಸ್ಟ್ರಿನ್ ಆ ಓಪನಿಂಗನ್ನು ಅರೆದು ಕುಡಿದಿದ್ದವನು, ಮುಂದೆ ತಾನೂ ವಿಶ್ವ ಚಾಂಪಿಯನ್ ಆದವನು. ಅವನ ಮನೆಗೇ ಹೋಗಿ ಅವನನ್ನು ಸೋಲಿಸಿದ ಹಾಗೆ. ಐದನೇ ನಡೆಗೆ ಬರ್ಲಿನರ್ 2725 ಆಡಿ ಒಂಟೆಯನ್ನು ಅಟ್ಟುತ್ತಾನೆ, ಒಂಟೆ ಮೊದಲಿದ್ದ ಮನೆಗೇ ವಾಪಸ್ ಹೋಗುತ್ತದೆ, 3461. ನೋಡಿದರೆ ಅವಮಾನ, ಆದರೆ ಅದೇ ಸರಿಯಾದ ನಡೆ. ಹತ್ತನೇ ನಡೆಯಲ್ಲಿ ಬರ್ಲಿನರ್‌ನ ಕುದುರೆ, ಒಂಟೆ ಎರಡಕ್ಕೂ ಏಟು ಬಿದ್ದಿರುತ್ತದೆ. ಅವನು ಎರಡನ್ನೂ ಅಲ್ಲೇ ಬಿಟ್ಟು ಕಾಲಾಳನ್ನು ಒಂದು ಮನೆ ಮುಂದೆ ತಳ್ಳುತ್ತಾನೆ. ಅಲ್ಲಿಂದ 42ನೇ ನಡೆಗೆ ಎಸ್ಟ್ರಿನ್ ಆಟ ಮುಗಿಯಿತು. ಈ ಆಟ ನನಗೆ ಬಾಯಿಪಾಠ, ಮಗ್ಗಿಯ ಹಾಗೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ.

ನನ್ನ 13ನೇ ನಡೆ 4233. ನನ್ನ ಒಂಟೆ ದೊಡ್ಡ ಕರ್ಣದ ಮೇಲೆ ಬಂದು ಕೂತು ಅವರ ಮೂಲೆಯ ಆನೆಯನ್ನು ನೇರ ನೋಡುತ್ತದೆ. ಇದೂ ಪುಸ್ತಕದಲ್ಲಿದೆ. ಅವರು ಆನೆಯನ್ನು ಒಂದು ಮನೆ ಸರಿಸಬೇಕು, 8878. ಮಾವನಿಗೆ ನನಗಿಂತ ಚೆನ್ನಾಗಿ ಗೊತ್ತು. ಗಡುವಿನ ಕೊನೇ ದಿನ ಉತ್ತರ ಬಂತು: 2726. ಇನ್ನೊಂದು ತುದಿಯ ಕಾಲಾಳು, ಒಂದು ಮನೆ.

ನಾನು ಅವತ್ತು ರಾತ್ರಿ ಊಟ ಬಿಟ್ಟು ಕೂತೆ. ಏನೋ ಬಲೆ ಇದೆ, ಬರ್ಲಿನರ್ ಹಾಗೆ ಏನೋ ಬಿಟ್ಟುಕೊಟ್ಟು ಏನೋ ಹಿಡಿಯುತ್ತಿದ್ದಾರೆ ಅಂತ. ಎರಡು ದಿನ ಹುಡುಕಿದೆ. ಬಲೆ ಕಾಣಲಿಲ್ಲ. 3388, ಆನೆ ಹೊಡೆದೆ. ಹೊಡೆದು ಫ್ಯಾಮಿಲಿ ಗ್ರೂಪಿನಲ್ಲಿ ಬೋರ್ಡಿನ ಫೋಟೋ ಹಾಕಿದೆ, "ಪೋಸ್ಟ್ ಮಾಸ್ಟರ್ ಆನೆ ಜಪ್ತಿ!" ಅಂತ. ನೆನಪಿದೆಯಾ? ನೀವೆಲ್ಲ ಚಪ್ಪಾಳೆ ಹಾಕಿದಿರಿ. ಮಾವ ಕೂಡ ಕೈ ಮುಗಿದ ಚಿತ್ರ ಹಾಕಿದರು. ಆ ಪೋಸ್ಟನ್ನು ಆಮೇಲೆ ನಾನು ಅಳಿಸಿದ್ದು ಯಾಕೆ ಅಂತ ಕೆಲವರು ಕೇಳಿದ್ದಿರಿ. ಅದಕ್ಕೇ ಈ ಕಂತು.

ಅವರ 14ನೇ ನಡೆ 3827. ನಾನು 7274, ಕಾಲಾಳಿನಿಂದ ಅವರ ಮಂತ್ರಿಗೇ ನೇರ ಏಟು. ಎಂಟು ವರ್ಷದ ಮಗುವಿಗೂ ಕಾಣುವ ಏಟು. ಅದರ ಉತ್ತರ ಬಂದಾಗ ನಾನು ನೈಟ್ ಡ್ಯೂಟಿ ಮುಗಿಸಿ ಹಾಸ್ಟೆಲ್ ಬಸ್ಸಿನಲ್ಲಿದ್ದೆ. ಇಲ್ಲಿ ಬೆಳಿಗ್ಗೆ ಏಳು, ಊರಿನಲ್ಲಿ ಒಂಬತ್ತೂವರೆ. 1716. ಮತ್ತೆ ಆ ತುದಿಯ ಕಾಲಾಳು, ಒಂದು ಮನೆ. ಮಂತ್ರಿ ಏಟಿನ ಬಾಯಲ್ಲೇ ನಿಂತಿದೆ.

ಮೊದಲು ಖುಷಿಯಾಯ್ತು, ಸುಳ್ಳು ಹೇಳುವುದಿಲ್ಲ. 7465 ಅಂತ ಟೈಪ್ ಕೂಡ ಮಾಡಿದ್ದೆ. ಕಳಿಸುವ ಮುಂಚೆ ಸುಮ್ಮನೆ ಮೇಲಕ್ಕೆ ಸರಿಸಿ ಹಳೇ ಮೆಸೇಜು ನೋಡಿದೆ.

ಇಲ್ಲಿ ನನ್ನ ಕೆಲಸದ ಬಗ್ಗೆ ಒಂದು ಮಾತು. ನಾನಿರುವ ವಾರ್ಡಿನಲ್ಲಿ ಹೆಚ್ಚಿನವರು ಸ್ಟ್ರೋಕ್ ಆದವರು. ಅವತ್ತು ಡ್ಯೂಟಿಯಲ್ಲಿ ಒಬ್ಬ ವಯಸ್ಸಾದ ಬಾಬಾ ಇದ್ದರು. ರಾತ್ರಿ ಊಟಕ್ಕೆ ಮಚ್ಬೂಸ್ ಬಂದಿತ್ತು. ತಟ್ಟೆಯ ಬಲಗಡೆಯ ಅನ್ನ ಪೂರ್ತಿ ಖಾಲಿ, ಎಡಗಡೆ ಗೆರೆ ಎಳೆದ ಹಾಗೆ ಹಾಗೇ ಇದೆ, ಕೋಳಿಯ ತುಂಡೂ ಅಲ್ಲೇ. "ಕೋಳಿ ಕೊಡಲಿಲ್ಲ" ಅಂತ ಕೂಗಾಟ. ನಾವು ಮಾಡುವುದು ಸುಲಭ, ತಟ್ಟೆಯನ್ನು ಅರ್ಧ ಸುತ್ತು ತಿರುಗಿಸುತ್ತೇವೆ. ಕೋಳಿ ಪ್ರತ್ಯಕ್ಷ. ಮೆದುಳಿನ ಬಲಭಾಗದ ಹಿಂದುಗಡೆ ಏಟು ಬಿದ್ದರೆ ಹೀಗೆ ಎರಡೂ ಕಣ್ಣಿನ ಎಡಭಾಗದ ನೋಟ ಹೋಗುತ್ತದೆ. ಕೆಲವರಿಗೆ ನೋಟದ ಜೊತೆ ಆ ಕಡೆಯ ಗಮನವೂ ಹೋಗುತ್ತದೆ, ಎಡಗಡೆ ಅನ್ನುವುದೊಂದು ಇದೆ ಅಂತಲೇ ಮರೆತ ಹಾಗೆ. ಕಪ್ಪಾಗಿ ಕಾಣುವುದಿಲ್ಲ. ಕಾಣುತ್ತಿಲ್ಲ ಅಂತಲೇ ಗೊತ್ತಾಗುವುದಿಲ್ಲ. ಇಲ್ಲಿಯವರಿಗೆ ಅರಬಿ ಓದುವುದು ಇನ್ನೂ ಕಷ್ಟ, ಬಲದಿಂದ ಎಡಕ್ಕೆ ಹೋಗಬೇಕಲ್ಲ, ಮುಂದಿನ ಪದವೇ ಸಿಗುವುದಿಲ್ಲ. ನಮಗಾದರೆ ಮುಂದಿನ ಸಾಲಿನ ಶುರು ಸಿಗುವುದಿಲ್ಲ.

ಬಸ್ಸಿನಲ್ಲಿ ಕೂತು ನೋಡಿದೆ. 2726. 3827. 1716. ಮೂರು ನಡೆಯೂ 1, 2, 3ರಿಂದ ಶುರು. ಅದಕ್ಕಿಂತ ಮೊದಲು 5848, 5565, 2836, 7857, 6886, 6655, ಬೋರ್ಡಿನ ತುಂಬಾ ಓಡಾಡಿದ ಕೈ. 13ನೇ ನಡೆಯಿಂದ ಈಚೆಗೆ ಒಂದೂ 5 ಇಲ್ಲ, 6 ಇಲ್ಲ, 7 ಇಲ್ಲ, 8 ಇಲ್ಲ. ಮಾವ ಕಪ್ಪು. ಕಪ್ಪಿನ ಕಡೆ ಕೂತವರಿಗೆ 1, 2, 3 ಬಲಗಡೆ. 6, 7, 8 ಎಡಗಡೆ. ಆನೆ ಇದ್ದದ್ದು 88, ಎಡಗಡೆಯ ಕಟ್ಟಕಡೆಯ ಮೂಲೆ. ಮಂತ್ರಿ ಇದ್ದದ್ದು 65, ಅದೂ ಎಡ.

ಕೈ ನಡುಗಿತು. ಬಸ್ಸಿನಲ್ಲೇ ಫೋನ್ ಮಾಡಿದೆ. ಅತ್ತೆ ಎತ್ತಿದರು.

"ಅತ್ತೆ, ಮಾವ ಹುಷಾರಿದ್ದಾರಾ?"

"ಹೂಂ, ಇದ್ದಾರಲ್ಲ, ಪೇಟೆಗೆ ಹೋಗೋಕೆ ಹೊರಟಿದ್ದಾರೆ. ಎಂತ, ಈ ಹೊತ್ತಿಗೆ?"

"ಎರಡು ವಾರದಲ್ಲಿ ಏನಾದರೂ ಆಗಿತ್ತಾ? ನಿಜ ಹೇಳಿ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಏನಿಲ್ಲ ಮಗಾ, ಒಂದು ದಿನ ಬೆಳಿಗ್ಗೆ ತಲೆ ಸುತ್ತು ಅಂದರು. ಪಿತ್ತ ಇರ್ಬೇಕು ಅಂತ ಕಷಾಯ ಕೊಟ್ಟೆ, ಮಲಗಿ ಎದ್ದರು, ಸರಿ ಹೋಯ್ತು. ದೂರ ಇರೋಳಿಗೆ ಯಾಕೆ ಗಾಬರಿ ಅಂತ ಹೇಳ್ಲಿಲ್ಲ."

ಪರದೇಶದಲ್ಲಿರುವ ಎಲ್ಲರಿಗೂ ಈ ವಾಕ್ಯ ಗೊತ್ತು. ನನಗೆ ಅಪ್ಪನ ಆಪರೇಷನ್ ಗೊತ್ತಾದದ್ದು ಹೊಲಿಗೆ ಬಿಚ್ಚಿದ ಮೇಲೆ. ನಾವೂ ಅದೇ ಮಾಡುತ್ತೇವೆ ಅನ್ನಿ, ಕೊರೊನಾ ಕಾಲದಲ್ಲಿ ನಾನು ಹನ್ನೊಂದು ದಿನ ಜ್ವರದಲ್ಲಿ ಮಲಗಿದ್ದನ್ನು ಅಮ್ಮನಿಗೆ ಹೇಳಿದ್ದು ಮುಂದಿನ ವರ್ಷ.

ವಿಡಿಯೋ ಕಾಲ್ ಮಾಡಿಸಿದೆ. ಮಾವ ಚೆನ್ನಾಗೇ ಮಾತಾಡಿದರು. ಮುಖ ವಾರೆ ಇಲ್ಲ, ನಾಲಿಗೆ ತೊದಲಿಲ್ಲ, ಎರಡೂ ಕೈ ಎತ್ತಿ ಅಂದರೆ ಎರಡೂ ಎತ್ತಿದರು. "ಮಂತ್ರಿ ನೋಡ್ಲಿಲ್ವಾ ಮಾವ?" ಅಂದೆ. "ಕನ್ನಡಕ ಬದಲಾಯಿಸ್ಬೇಕು ಕಣೆ, ಪೇಪರ್ ಓದೋಕೂ ಬೇಜಾರು, ಸಾಲು ತಪ್ಪುತ್ತೆ" ಅಂದರು.

ಅತ್ತೆಯನ್ನು ಅವರ ಎದುರು, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂರಿಸಿದೆ. ಮಾವ ಅತ್ತೆಯ ಮೂಗನ್ನೇ ನೋಡುತ್ತಿರಬೇಕು. ಅತ್ತೆ ಎರಡೂ ಕೈ ಅಗಲಕ್ಕೆ ಚಾಚಿ, ನಾನು ಹೇಳಿದ ಕೈಯ ಬೆರಳು ಮಾತ್ರ ಆಡಿಸಬೇಕು. ಮೊದಲು ಎಡಗೈ ಆಡಿಸಿದರು, ಮಾವನಿಗೆ ಅದು ಬಲಗಡೆ. "ಹಾಂ, ಆಡ್ತು." ಆಮೇಲೆ ಬಲಗೈ ಅಂದೆ. ಅತ್ತೆ ಆಡಿಸಿದರು. ಇನ್ನೂ ಆಡಿಸಿದರು.

ಮಾವ ಅಂದರು, "ಶುರು ಮಾಡು ಮಾರಾಯ್ತಿ, ಎಷ್ಟು ಹೊತ್ತು?"

ಅತ್ತೆಯ ಮುಖ ಬಿಳಿಚಿಕೊಂಡಿತು. ಒಂದು ಕಣ್ಣು ಮುಚ್ಚಿ ಮಾಡಿಸಿದೆ, ಇನ್ನೊಂದು ಮುಚ್ಚಿ ಮಾಡಿಸಿದೆ, ಅದೇ. ಒಂದೇ ಕಣ್ಣಿನ ತೊಂದರೆಯಾದರೆ ಕಣ್ಣಿನದು ಅನ್ನಬಹುದಿತ್ತು. ಎರಡೂ ಕಣ್ಣಿಗೆ ಒಂದೇ ಕಡೆ ಅಂದರೆ ಅದು ಕಣ್ಣಿನದಲ್ಲ.

ಆಮೇಲೆ ಅತ್ತೆಗೆ ಒಂದೊಂದೇ ನೆನಪಾಯ್ತು. ಬಾಗಿಲ ದಾರಂದಕ್ಕೆ ಎಡಭುಜ ಎರಡು ಸಲ ತಾಗಿಸಿಕೊಂಡಿದ್ದರು. ಎಲೆಯ ಎಡತುದಿಯಲ್ಲಿ ಬಡಿಸಿದ ಉಪ್ಪಿನಕಾಯಿ ಮುಟ್ಟುತ್ತಲೇ ಇರಲಿಲ್ಲ. "ನೀನು ಬಿಪಿ ಬಿಪಿ ಅಂತ ಹೇಳಿದ್ದಕ್ಕೆ ಅಂತೂ ಬಿಟ್ಟರು ಅಂತ ನಾನು ಖುಷಿಯಲ್ಲಿದ್ದೆ" ಅಂತ ಅತ್ತರು. ನಗಬೇಕೋ ಅಳಬೇಕೋ. ಎಲ್ಲಕ್ಕಿಂತ ಹೆಚ್ಚು ನನ್ನ ಎದೆ ನಡುಗಿಸಿದ್ದು ಪೇಟೆಗೆ ಹೋಗುವ ವಿಷಯ. ಈ ಮನುಷ್ಯ ಎಡಗಡೆ ಏನೂ ಕಾಣದೆ ಅಷ್ಟು ದಿನವೂ ಟಿವಿಎಸ್ ಓಡಿಸಿಕೊಂಡು ಪೇಟೆಗೆ ಹೋಗಿ ಬಂದಿದ್ದರು. ಕೀಲಿಕೈ ಕಿತ್ತಿಟ್ಟುಕೊಳ್ಳಿ ಅಂದೆ.

ಪಕ್ಕದ ಮನೆಯವರ ಕಾರಿನಲ್ಲಿ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋದರು. ಬೆಂಗಳೂರಿನಿಂದ ಭಾವ ನೇರ ಅಲ್ಲಿಗೇ ಬಂದರು. ಎಂಆರ್‌ಐ ಮಾಡಿದರು. ಬಲಗಡೆ ಹಿಂಭಾಗದಲ್ಲಿ, ನಾನು ಹೆದರಿದ್ದ ಜಾಗದಲ್ಲೇ. ಹೃದಯದ ಬಡಿತ ತಾಳ ತಪ್ಪುತ್ತಿತ್ತು, ಅಲ್ಲಿಂದ ಗಡ್ಡೆ ಕಟ್ಟಿದ ರಕ್ತ ಮೇಲೆ ಹೋಗಿದೆ ಅಂತ ಡಾಕ್ಟರು. ರಕ್ತ ತೆಳುವಾಗುವ ಮಾತ್ರೆ ಶುರು ಮಾಡಿದರು. ಅದನ್ನು ಬಿಡುವ ಹಾಗಿಲ್ಲ.

ಎಲ್ಲರೂ ನನ್ನನ್ನು ಹೊಗಳಿದಿರಿ. ಕುವೈತಿನಲ್ಲಿ ಕೂತು ಕಾಯಿಲೆ ಕಂಡುಹಿಡಿದಳು ಅಂತ ಚಿಕ್ಕಪ್ಪ ಊರೆಲ್ಲ ಹೇಳಿದ್ದಾರಂತೆ. ದಯವಿಟ್ಟು ಇದನ್ನೂ ಸೇರಿಸಿ ಹೇಳಿ: 2726 ಬಂದದ್ದಕ್ಕೂ 1716 ಬಂದದ್ದಕ್ಕೂ ನಡುವೆ ಒಂಬತ್ತು ದಿನ ಇತ್ತು. ಸಣ್ಣ ಸ್ಟ್ರೋಕ್ ಆದವರಿಗೆ ಮತ್ತೊಂದು ದೊಡ್ಡದು ಆಗುವ ಅಪಾಯ ಹೆಚ್ಚಿರುವುದು ಮೊದಲ ಕೆಲವು ದಿನಗಳಲ್ಲೇ. ಆ ದಿನಗಳಲ್ಲಿ ನಾನು ಬಲೆ ಹುಡುಕುತ್ತಿದ್ದೆ. ಆನೆ ಹೊಡೆದು ಫೋಟೋ ಹಾಕುತ್ತಿದ್ದೆ. ಅಪರಿಚಿತ ಬಾಬಾನ ತಟ್ಟೆ ನೋಡಿ ಒಂದು ಕ್ಷಣದಲ್ಲಿ ಹೇಳುವವಳು, ನಲವತ್ತು ವರ್ಷ ಚೆಸ್ ಆಡಿದ ಮನುಷ್ಯ ಆನೆ ಬಿಟ್ಟುಕೊಟ್ಟಾಗ ನಾನೇ ಜಾಣೆ ಅಂದುಕೊಂಡೆ. ನನ್ನ ಅಟ್ಯಾಕ್ ಅಷ್ಟು ಚೆನ್ನಾಗಿ ನಡೆಯಿತಲ್ಲ, ಅದು ನಡೆದದ್ದು ಅವರಿಗೆ ಕಾಣದ ಕಡೆ.

ಮಾವನಿಗೆ ಇದನ್ನು ಹೇಳಿ ಕ್ಷಮೆ ಕೇಳಿದೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರಿಗೆ ಬೇಕಾದದ್ದು ಬೇರೆ ವಿವರ. "ನೀನು ಕಳಿಸಿದ ಮನೆ ಹುಡುಕಿ ಕಾಯಿ ಇಡ್ತಿದ್ದೆ. ಇಟ್ಟು ತಲೆ ಎತ್ತಿದ್ರೆ ಆ ಕಡೆ ಆಟವೇ ನಡೀತಿಲ್ಲ ಅನ್ನಿಸ್ತಿತ್ತು. ಈ ಕಡೆ ಮಾತ್ರ ಏನಾದ್ರೂ ಮಾಡ್ಬೇಕು ಅಂತ." ಅದನ್ನು ಕೇಳಿ ನಾನು ನಮ್ಮ ವಾರ್ಡಿನ ಡಾಕ್ಟರಿಗೆ ಹೇಳಿದೆ. ರೋಗಿಯೊಬ್ಬರು ಇಷ್ಟು ಸ್ಪಷ್ಟವಾಗಿ ಹೇಳಿದ್ದು ಅವರೂ ಕೇಳಿರಲಿಲ್ಲವಂತೆ.

13ನೇ ನಡೆಯಿಂದ ಮತ್ತೆ ಆಡೋಣ ಅಂದೆ. ಒಪ್ಪಲಿಲ್ಲ. ಹಾಕಿದ ನಡೆ ವಾಪಸ್ ಇಲ್ಲ, ಆಸ್ಪತ್ರೆ ಬಂದರೂ ಅಷ್ಟೇ. "ಸೋತೆ" ಅಂತ ಎರಡಕ್ಷರ ಕಳಿಸಿದರು. ಐದು ನಿಮಿಷ ಬಿಟ್ಟು ಇನ್ನೊಂದು ಮೆಸೇಜು: "ಇನ್ನು ಮುಂದೆ ನಾನು ಬಿಳಿ. ರಾಜನ ಕಡೆ ನನ್ನ ಬಲಕ್ಕೆ ಬರುತ್ತೆ." ಜೊತೆಗೆ 5254.

ಈಗ ಅವರ ಮನೆಯ ಬೋರ್ಡಿನ ಎಡ ಅಂಚಿಗೆ ಅತ್ತೆ ಕೆಂಪು ಟೇಪು ಅಂಟಿಸಿದ್ದಾರೆ. ಪ್ರತಿ ನಡೆಗೂ ಮುಂಚೆ ಕೆಂಪು ಕಾಣುವವರೆಗೆ ತಲೆ ತಿರುಗಿಸಬೇಕು ಅಂತ ಥೆರಪಿಯವರು ಹೇಳಿಕೊಟ್ಟದ್ದು. ಪೇಪರಿಗೂ ಕೆಂಪು ಸ್ಕೇಲು ಇಟ್ಟು ಓದುತ್ತಾರೆ. ಹೋದ ನೋಟ ಪೂರ್ತಿ ಬರುವುದು ಕಷ್ಟ. ಹುಡುಕಿ ನೋಡುವುದನ್ನು ಕಲಿಯಬಹುದು. ಟಿವಿಎಸ್ ಮಾರಿದರು, ಅದಕ್ಕೆ ಮಾತ್ರ ಎರಡು ದಿನ ಮಾತು ಬಿಟ್ಟಿದ್ದರು.

ಹೊಸ ಆಟದಲ್ಲಿ ನನಗೆ ಬೇರೆ ತೊಂದರೆ. 5254 5755, 7163 2836, 6134 7866, 6375 4745, 5445. ಗಮನಿಸಿದಿರಾ? ಬರ್ಲಿನರ್ ಆಟದ್ದೇ ದಾರಿ, ಮಾವ ಎಸ್ಟ್ರಿನ್ ಜಾಗದಲ್ಲಿ. ಇಲ್ಲಿ ನಾನು 2725 ಆಡಬೇಕು. ಆದರೆ ಅದು ಬಿಳಿಯವರ ಎಡಗಡೆ. ಬೇರೆ ನಡೆಗಳೂ ಇವೆ, ಹೆಚ್ಚಿನವರು ಆಡುವುದು ಕುದುರೆ ನಡೆ, ಅದೂ ಆ ತುದಿಗೇ ಹೋಗುತ್ತದೆ. ಮೂರು ದಿನದ ಗಡುವಿನಲ್ಲಿ ಎರಡು ದಿನ ಸುಮ್ಮನೆ ಕಳೆದೆ. ಮಾವನಿಂದ ಮೆಸೇಜು: "ಕನಿಕರ ಆಡ್ತಾ ಇದೀಯಾ? ಆಡು ಮಗಾ, ಟೇಪು ಇದೆ."

ಮಂಗಳವಾರ ರಾತ್ರಿ ಡ್ಯೂಟಿಗೆ ಹೋಗುವ ಮುಂಚೆ 2725 ಕಳಿಸಿದೆ. ಬೆಳಿಗ್ಗೆ ಬಸ್ಸು ಹತ್ತಿ ಫೋನ್ ತೆಗೆದರೆ ಉತ್ತರ ಬಂದಿತ್ತು: 3461. ಒಂಟೆ ಹೊರಟ ಮನೆಗೇ ವಾಪಸ್. ಕೆಂಪು ನೋಟ್‌ಬುಕ್ ನೋಡಿ ಆಡಿದರೋ, ಎಡಕ್ಕೆ ತಲೆ ತಿರುಗಿಸಿ ಕಂಡು ಆಡಿದರೋ, ನಾನು ಕೇಳಿಲ್ಲ. ಪುಸ್ತಕ ನೋಡಬಹುದು ಅಂತ ಕಾನೂನಿದೆ.

ನನ್ನ ಸರದಿ ಈಗ. ನಾಳೆ ರಾತ್ರಿಯವರೆಗೆ ಗಡುವು ಇದೆ. ರಜೆ ಇನ್ನೂ ಮಂಜೂರಾಗಿಲ್ಲ, ಆದರೆ ಟಿಕೆಟ್ ನೋಡಿಟ್ಟಿದ್ದೇನೆ. ಉಪ್ಪಿನಕಾಯಿಯನ್ನು ಎಲೆಯ ಬಲಗಡೆ ಬಡಿಸಬೇಡಿ ಅಂತ ಅತ್ತೆಗೆ ಹೇಳಿದ್ದೇನೆ. ಬಿಪಿ ಇನ್ನೂ 150ರ ಮೇಲಿದೆ.